ಮುಖದ ಎಲುಬುಗಳೂ ಅವುಗಳ ರಂಧ್ರಗಳೂ

ಮನುಷ್ಯನ ಮುಖವು ಒಂದೇ ಎಲುಬಿನಿಂದಾದುದಲ್ಲ. 14 ಎಲುಬುಗಳು ಕೂಡಿ ಅದರ ಚೌಕಟ್ಟಾಗಿದೆ. ಮೇಲ್ದವಡೆ, ಕೆನ್ನೆ, ಮೂಗಿನ ದಿಂಡು, ಕಣ್ಣೀರಿನ ಕುಳಿ, ಅಂಗುಳಿನ ಹಿಂಭಾಗ, ಮೂಗಿನೊಳಗಣ ಸುರುಳಿ, ಇವುಗಳಿಗೆ ಎರಡೆರಡರಂತೆ 12, ಮೂಗಿನ ನಡುಗೋಡೆಯದು ಒಂದು, ಕೆಳದವಡೆಯದು ಒಂದು. ಇವುಗಳೊಳಗೆ ಚಲಿಸತಕ್ಕುದು ಕೆಳದವಡೆ ಮಾತ್ರವೇ.

ಕೋಟೆಗೆ ದಿಡ್ಡಿಬಾಗಿಲುಗಳಿರುವಂತೆ ಈ ಎಲುಬುಗಳಲ್ಲಿ ಕಿರಿದಾದ ರಂಧ್ರಗಳಿವೆ. ಕಣ್ಣಿನ ಕೆಳಗೆ ಮೇಲ್ದವಡೆಯಲ್ಲಿ ಒಂದು, ಗಲ್ಲದ ಪಕ್ಕದಲ್ಲಿ ಕೆಳದವಡೆಯಲ್ಲಿ ಇನ್ನೊಂದು. ಹಣೆಯ ಎಲುಬಿಗೆ ಸೇರಿದ ಹುಬ್ಬಿನ ರಂಧ್ರವೂ ಹೆಚ್ಚುಕಡಮೆ ಇವುಗಳ ನೇರದಲ್ಲಿಯೇ ಇದೆ. ಇವುಗಳ ಮೂಲಕ ಹೊರಬರುವ ಜ್ಞಾನತಂತುಗಳಿಂದ ಮುಖದ ಚರ್ಮದ ಹಲವು ಭಾಗಗಳಿಗೆ ಸ್ಪರ್ಶವೂ ನೋವೂ ತಿಳಿಯುವುವು.

ಕೆಳದವಡೆಯ ಹಿಂಭಾಗದ ಒಳಮೈಯಲ್ಲಿ ಮತ್ತೊಂದು ರಂಧ್ರವುಂಟು. ಅಲ್ಲಿ ಒಳಹೊಕ್ಕ ಜ್ಞಾನತಂತುವೂ ರಕ್ತನಾಳವೂ ಎಲುಬಿನೊಳಗಿನ ಕಾಲುವೆಯಲ್ಲಿ ಸಾಗಿ, ಪ್ರತಿಯೊಂದು ಹಲ್ಲಿನ ಬೇರಿಗೂ ಕವಲನ್ನಿತ್ತು, ಉಳಿದ ಭಾಗವು ಗಲ್ಲದ ರಂಧ್ರದಿಂದ ಹೊರಬರುತ್ತದೆ. ದಂತವೈದ್ಯರು ಈ ಒಳರಂಧ್ರದ ಬಳಿ ಮದ್ದು ಚುಚ್ಚಿದರೆ ಆ ಪಕ್ಕದ ಹಲ್ಲುಗಳೊಡನೆ ಅರ್ಧ ತುಟಿಯೂ ಮರಗಟ್ಟುವುದು ಇದರಿಂದಲೇ. ಮೇಲ್ದವಡೆಗೂ ಇಂಥ ಬೇರೆ ದಾರಿಗಳಿವೆ.

ಈ ದಾರಿಗಳಲ್ಲಿ ರಕ್ತದೊಡನೆ ಏನು ಬರುತ್ತದೆಂಬುದು ನಮ್ಮ ಸೀಮೆಯ ತಾಯಂದಿರು ಅವಶ್ಯವಾಗಿ ತಿಳಿಯತಕ್ಕ ವಿಷಯ. ಮಗುವಿನ ಬಾಯಲ್ಲಿ ಹಾಲುಹಲ್ಲುಗಳಿರುವಾಗಲೇ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುತ್ತವೆ. ಬುದ್ಧಿಹಲ್ಲುಗಳನ್ನುಳಿದು ಮಿಕ್ಕವುಗಳ ಮೇಲ್ಪದರವು ಸುಮಾರು 8 ವರ್ಷ ವಯಸ್ಸಿನೊಳಗೆ ಸಿದ್ಧವಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ, ಕಲ್ಲುಬಂಡೆಗಳಿಂದ ಕರಗಿ ಬಂದ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ಕುಡಿದ ಮಗುವಿನ ರಕ್ತದಲ್ಲಿ ಆ ಫ್ಲೋರೈಡು ದವಡೆಯನ್ನು ಹೊಕ್ಕು, ಇನ್ನೂ ಹುಟ್ಟದ ಹಲ್ಲಿನ ಮೇಲ್ಪದರವನ್ನು ಕೆಡಿಸುತ್ತದೆ. ಹಲ್ಲು ಮೂಡುವಾಗಲೇ ಅದರಲ್ಲಿ ಸುಣ್ಣದಂಥ ಬಿಳುಪು ಗೆರೆಗಳಿರಬಹುದು; ಅವು ಬರುಬರುತ್ತ ಕಂದು ಬಣ್ಣಕ್ಕೆ ತಿರುಗುವುದೂ ಉಂಟು.

ನಗುವಾಗ ಬಾಯಿಗೆ ಸೆರಗನ್ನು ಅಡ್ಡವಿಡುವ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ. ಈ ಕಲೆಯು ಅವರ ಅಶುಚಿತ್ವದ ಗುರುತಲ್ಲ. ಬೂದಿಯಿಂದಲೋ ಇದ್ದಲಿನಿಂದಲೋ ಎಷ್ಟು ಉಜ್ಜಿದರೂ ಅದು ಹೋಗದು, ಹಲ್ಲು ಮಾತ್ರ ಸವೆದೀತು. ಆದಕಾರಣ ಅಂಥ ಹುಡುಗಿಯನ್ನು ಹಳಿಯುವುದಾಗಲಿ, ಸಂಬಂಧ ನೋಡುವಾಗ ಹಿಂಜರಿಯುವುದಾಗಲಿ ಅನ್ಯಾಯವೇ ಸರಿ.

ಪ್ರಿಯ ಸೋದರಿಯರೇ, ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡು ಹೋಗದು; ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಏರುವುದು. ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಹಸುಳೆಗೆ ಪುಡಿಹಾಲು ಕಲಸುವುದಕ್ಕೂ, ಮಕ್ಕಳು ಕುಡಿಯುವುದಕ್ಕೂ, ಅಡಿಗೆಗೂ ಶುಚಿಯಾಗಿ ಹಿಡಿದಿಟ್ಟು ಕಾಯಿಸಿದ ಮಳೆನೀರನ್ನೋ, ಸುಸ್ಥಿತಿಯಲ್ಲಿರುವ ಶುದ್ಧ ನೀರಿನ ಘಟಕದ ನೀರನ್ನೋ ಬಳಸಿರಿ. ಸೃಷ್ಟಿಕರ್ತನು ದವಡೆಯಲ್ಲಿಟ್ಟ ಬಾಗಿಲುಗಳನ್ನು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಅವುಗಳ ಮೂಲಕ ಏನು ಹೋಗಬೇಕೆಂಬುದು ಬಹುಮಟ್ಟಿಗೆ ನಾವು ತುಂಬುವ ಬಿಂದಿಗೆಯಲ್ಲಿದೆ.