ಕಿರಿದಾದ ಜಠರ, ಹಿತವಾದ ಊಟ

ಮದುವೆಮನೆಯ ಪಂಕ್ತಿಯಲ್ಲಿ ಒಬ್ಬರು ಊಟಕ್ಕೆ ಕುಳಿತಿದ್ದಾರೆಂದು ಭಾವಿಸೋಣ. ಅತಿಯಾದ ಮೈತೂಕವನ್ನು ಇಳಿಸಿಕೊಳ್ಳುವ ಸಲುವಾಗಿ ಅವರು ಕೆಲವು ತಿಂಗಳ ಹಿಂದೆ ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದಾರೆ. ಬಡಿಸುವವರ ಬಲವಂತಕ್ಕೆ ಮಣಿದು ಒಂದು ಬಟ್ಟಲು ಪಾಯಸವನ್ನು ಕುಡಿದರು. ಅರ್ಧ ಗಂಟೆ ಕಳೆಯುವುದರೊಳಗೆ ಎದೆ ಡವಗುಟ್ಟತೊಡಗಿತು. ಹಣೆಯಲ್ಲಿ ಬೆವರು ಮೂಡಿತು. ಹೊಟ್ಟೆ ಹಿಂಡಿದಂತಾಗಿ ತಲೆ ಸುತ್ತಿತು. ಪಾಯಸವೇನೂ ಕೆಟ್ಟಿರಲಿಲ್ಲ. ಅದನ್ನೇ ಕುಡಿದ ಪಕ್ಕದವರು ಸುಖವಾಗಿಯೇ ಇದ್ದಾರೆ. ಹಾಗಾದರೆ ಈ ತೊಂದರೆಗೆ ಕಾರಣವೇನು?

ಇದನ್ನು ತಿಳಿಯಬೇಕಾದರೆ ಮೊದಲು ಜಠರದ ಕೆಲಸವನ್ನು ನೆನಪಿಗೆ ತಂದುಕೊಳ್ಳಬೇಕು. ಜಠರವು ಆಹಾರವನ್ನು ತುಂಬಿಡುವ ಬರಿಯ ಚೀಲವಲ್ಲ. ಊಟಮಾಡಿದಾಗ ಅದು ಹಿಗ್ಗಿ ಸುಮಾರು ಒಂದು ಲೀಟರಿಗೂ ಮಿಕ್ಕಿದ ಆಹಾರಕ್ಕೆ ಎಡೆಮಾಡಿಕೊಡುತ್ತದೆ. ಆಮ್ಲವನ್ನೂ ಪೆಪ್ಸಿನ್ ಎಂಬ ಕಿಣ್ವವನ್ನೂ ಸೇರಿಸಿ ಆಹಾರವನ್ನು ಕಡೆದು ಗಂಜಿಯಂತೆ ಮಾಡುತ್ತದೆ. ಅದರ ಕೆಳತುದಿಯಲ್ಲಿರುವ ಸ್ನಾಯುವಿನ ದ್ವಾರವು ಆ ಗಂಜಿಯನ್ನು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ಕೆರೆಗೆ ತೂಬು ಹೇಗೋ ಜಠರಕ್ಕೆ ಈ ದ್ವಾರವು ಹಾಗೆ.

ಈಗ ಶಸ್ತ್ರಕ್ರಿಯೆಯ ವಿಚಾರವನ್ನು ನೋಡೋಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ತೂಕ ಇಳಿಸುವ ಉದ್ದೇಶದಿಂದ ಜಠರದ 'ಬೈಪಾಸ್' ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಹುಣ್ಣಿನ ಚಿಕಿತ್ಸೆಗಾಗಿ ಜಠರದ ಭಾಗವನ್ನು ಕಳೆದುಕೊಂಡ ರೋಗಿಗಳು ತೆಳ್ಳಗಾಗುತ್ತಿದ್ದುದೇ ಇದಕ್ಕೆ ಪ್ರೇರಣೆಯಾಯಿತು. ಇಂದು ರೂಢಿಯಲ್ಲಿರುವ ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಸಂಚಿಯೊಂದನ್ನು ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರವು ದೇಹದಲ್ಲಿಯೇ ಇರುತ್ತದೆ. ಆದರೆ ಆಹಾರವು ಅದರೊಳಗೆ ಹಾಯುವುದಿಲ್ಲ. 'ಸ್ಲೀವ್' ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಕಿರಿದಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಇದರಲ್ಲಿ ಕೆಳದ್ವಾರವು ಉಳಿಯುತ್ತದೆ. ಬೈಪಾಸಿನಲ್ಲಾದರೋ ಆಹಾರಕ್ಕೆ ಆ ದ್ವಾರದ ತಡೆಯೇ ಇಲ್ಲ.

ಪಾಯಸದ ಒಗಟು ಬಿಡುವುದು ಇಲ್ಲಿಯೇ. ತೂಬಿಲ್ಲದ ದಾರಿಯಲ್ಲಿ ಸಿಹಿ ದ್ರವವು ಒಮ್ಮೆಲೇ ಸಣ್ಣ ಕರುಳಿಗೆ ಸುರಿಯುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದರೆ ಅದು ನೀರು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಅಭಿಸರಣ ನಿಯಮಕ್ಕೆ ಅನುಸಾರವಾಗಿ ಕರುಳಿನಲ್ಲಿರುವ ಗಾಢವಾದ ಸಕ್ಕರೆಯ ದ್ರಾವಣವು ರಕ್ತದಲ್ಲಿರುವ ನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಕರುಳು ಉಬ್ಬುತ್ತದೆ, ರಕ್ತದ ದ್ರವಾಂಶ ಕುಗ್ಗುತ್ತದೆ, ಕರುಳಿನಿಂದ ಹಲವು ಹಾರ್ಮೋನುಗಳು ಹೊರಬೀಳುತ್ತವೆ. ಎದೆಬಡಿತ, ಬೆವರು, ಹೊಟ್ಟೆನೋವು, ಭೇದಿ ಇವೆಲ್ಲ ಇದರ ಫಲ. ವೈದ್ಯರು ಇದನ್ನು 'ಡಂಪಿಂಗ್ ಸಿಂಡ್ರೋಮ್' ಎನ್ನುತ್ತಾರೆ. ಸ್ಲೀವ್ ಮಾಡಿಸಿಕೊಂಡವರಲ್ಲಿಯೂ ಇದು ಕೆಲವೊಮ್ಮೆ ಕಾಣಿಸುವುದುಂಟು.

ಇದಕ್ಕೆ ಎರಡನೆಯ ಮುಖವೂ ಇದೆ. ಸಕ್ಕರೆಯು ಬೇಗನೆ ರಕ್ತವನ್ನು ಸೇರಿದಾಗ ಮೇದೋಜೀರಕಾಂಗವು ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಇದರಿಂದ ಊಟವಾದ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ನಡುಕ, ಹಸಿವು, ಮಂಕು ಕವಿಯುತ್ತವೆ. ಮೊದಲನೆಯ ಬಗೆಯ ತೊಂದರೆಯು ಸ್ವಲ್ಪ ಹೊತ್ತು ಮಲಗಿದರೆ ಸಾಮಾನ್ಯವಾಗಿ ಶಮನವಾಗುತ್ತದೆ. ಎರಡನೆಯದು ಮರುಕಳಿಸುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಕಾರಣವನ್ನರಿತರೆ ಪರಿಹಾರವು ತಾನಾಗಿಯೇ ಹೊಳೆಯುತ್ತದೆ. ಮೊದಲನೆಯದಾಗಿ, ಸಕ್ಕರೆ, ಬೆಲ್ಲ, ಹಣ್ಣಿನ ರಸ, ಸಿಹಿ ಪಾನೀಯಗಳನ್ನು ದೂರವಿಡಬೇಕು. ಎರಡನೆಯದಾಗಿ, ಮೂರು ದೊಡ್ಡ ಊಟಗಳಿಗೆ ಬದಲಾಗಿ ಐದಾರು ಸಣ್ಣ ಊಟಗಳಿರಬೇಕು. ಮೂರನೆಯದಾಗಿ, ಊಟದ ನಡುವೆ ನೀರು ಕುಡಿಯಬಾರದು. ಪುಟ್ಟ ಸಂಚಿಯಲ್ಲಿ ಅನ್ನಕ್ಕೂ ನೀರಿಗೂ ಒಟ್ಟಿಗೆ ಸ್ಥಳವಿಲ್ಲ. ಊಟವಾಗಿ ಅರ್ಧ ಗಂಟೆಯ ಬಳಿಕ ಗುಟುಕುಗುಟುಕಾಗಿ ಕುಡಿಯುತ್ತ, ದಿನಕ್ಕೆ ಸುಮಾರು ಒಂದೂವರೆ ಲೀಟರನ್ನು ಪೂರೈಸಬೇಕು. ಗುಳ್ಳೆಯೇಳುವ ಸೋಡಾದಂಥ ಪಾನೀಯಗಳು ಸಂಚಿಯನ್ನು ಉಬ್ಬಿಸಿ ನೋವುಂಟುಮಾಡುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು, ಅಗಿಯುವುದು. ಜಠರವು ಮಾಡುತ್ತಿದ್ದ ಕಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲನ್ನು ಇನ್ನು ಹಲ್ಲುಗಳೇ ಮಾಡಬೇಕು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಹಳೆಯ ಮೈಸೂರು ಸೀಮೆಯ ವಾಡಿಕೆ. ಆರೋಗ್ಯವಂತನಿಗೆ ಅದರಿಂದ ಕೇಡಿಲ್ಲ. ಆದರೆ ಈ ಶಸ್ತ್ರಕ್ರಿಯೆಯಾದವನು ಹಾಗೆ ನುಂಗಿದರೆ ತುತ್ತು ಸಂಚಿಯ ಕಿರುದ್ವಾರದಲ್ಲಿ ಸಿಕ್ಕಿ ಎದೆಯೊತ್ತುವಿಕೆ, ವಾಂತಿ ಉಂಟಾಗಬಹುದು. ಅಂಟಾದ ಅನ್ನ, ಮೆತ್ತನೆಯ ಬ್ರೆಡ್ಡು, ನಾರುಳ್ಳ ಮಾಂಸ ಇವುಗಳಲ್ಲಿಯೂ ಇದೇ ಎಚ್ಚರ ಬೇಕು. ಶಸ್ತ್ರಕ್ರಿಯೆಯ ಮೊದಲ ವಾರಗಳಲ್ಲಂತೂ ತಿಳಿಯಾದ ದ್ರವ, ಗಟ್ಟಿ ದ್ರವ, ನುಣ್ಣಗೆ ಅರೆದ ಆಹಾರ, ಮೆತ್ತನೆಯ ಆಹಾರ ಎಂಬ ಮೆಟ್ಟಿಲುಗಳನ್ನು ವೈದ್ಯರು ಹೇಳಿದ ಕ್ರಮದಲ್ಲಿಯೇ ಏರಬೇಕು.

ಉಣ್ಣುವುದು ಅಲ್ಪವಾದಾಗ ಅದರಲ್ಲಿ ಸತ್ವವಿರಬೇಕು. ಆದ್ದರಿಂದ ಬೇಳೆ, ಮೊಟ್ಟೆ, ಮೊಸರು, ಮೀನು ಇವುಗಳಿಗೆ ಮೊದಲ ತುತ್ತು ಮೀಸಲು; ಅನ್ನ ಅನಂತರ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ದೊರೆಯಬೇಕೆಂಬುದು ಸಾಮಾನ್ಯ ಸಲಹೆ. ಅದು ಸಾಲದಾದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ರಕ್ತಕ್ಕೆ ಸೇರುತ್ತವೆ. ಬೈಪಾಸಿನಲ್ಲಿ ಆಹಾರವು ಆ ಭಾಗವನ್ನು ಮುಟ್ಟುವುದೇ ಇಲ್ಲ. ಬಿ12 ಜೀವಸತ್ವವನ್ನು ಹೀರಲು ಜಠರವು ಸ್ರವಿಸುವ ಒಂದು ವಸ್ತು ಬೇಕು, ಅದಕ್ಕೂ ಕೊರತೆ. ಹೀಗಾಗಿ ಈ ಪೋಷಕಗಳ ಮಾತ್ರೆಗಳನ್ನೂ ಕಾಲಕಾಲಕ್ಕೆ ರಕ್ತಪರೀಕ್ಷೆಯನ್ನೂ ಜೀವನಪರ್ಯಂತ ಬಿಡುವಂತಿಲ್ಲ.

ಒಂದು ಎಚ್ಚರಿಕೆಯ ಮಾತು. ಎಡೆಬಿಡದ ವಾಂತಿ, ತೀವ್ರವಾದ ಹೊಟ್ಟೆನೋವು, ಜ್ವರ, ವಿಶ್ರಾಂತಿಯಲ್ಲಿಯೂ ಇಳಿಯದ ಎದೆಬಡಿತ ಇವುಗಳನ್ನು ಅಜೀರ್ಣವೆಂದು ಬಗೆದು ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ವಾಂತಿಯು ದಿನಗಟ್ಟಲೆ ನಿಲ್ಲದಿದ್ದರೆ ಬಿ1 ಜೀವಸತ್ವವು ಬರಿದಾಗಿ ಮಿದುಳಿಗೂ ನರಗಳಿಗೂ ಶಾಶ್ವತವಾದ ಹಾನಿ ತಟ್ಟಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಶಸ್ತ್ರವೈದ್ಯನ ಕತ್ತಿಯು ಜಠರವನ್ನು ಕಿರಿದುಮಾಡಬಲ್ಲುದು. ಊಟವನ್ನು ಬಲ್ಲವನನ್ನಾಗಿ ಮಾಡಲಾರದು. ಅದನ್ನು ರೋಗಿಯು ದಿನದಿನವೂ ಕಲಿಯಬೇಕು, ಸುತ್ತಲಿನವರೂ ಕಲಿಯಬೇಕು. ನಮ್ಮ ಮನೆಗಳಲ್ಲಿ 'ಇನ್ನೊಂದು ತುತ್ತು' ಎಂಬುದು ಪ್ರೀತಿಯ ಮಾತು. ಆದರೆ ಇಂಥವರು ಕೈಯನ್ನು ಎಲೆಗೆ ಅಡ್ಡ ಹಿಡಿದು ಸಾಕೆಂದಾಗ ಸುಮ್ಮನಾಗುವುದೇ ಹೆಚ್ಚಿನ ಪ್ರೀತಿ. ಮುಂದಿನ ಪಂಕ್ತಿಯಲ್ಲಿ ಬಡಿಸಲು ನಿಂತಾಗ ವಿದ್ಯಾರ್ಥಿ ಮಿತ್ರರು ಇದನ್ನು ಮರೆಯದಿರಲಿ.