ರಸ್ತೆಯ ಹಕ್ಕು, ನೆರೆಯವನ ಹಕ್ಕು

ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವ ಸತ್ಯವಿಶ್ವಾಸಿ ಮೊತ್ತಮೊದಲು ಕಾಲಿಡುವುದು ರಸ್ತೆಯ ಮೇಲೆ. ಅಲ್ಲಿ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಕೂಡಾ ಅವನ ಈಮಾನಿನ ಪರೀಕ್ಷೆಯಾಗಿದೆ. ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಿವೆ, ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಅವುಗಳಲ್ಲಿ ಅತ್ಯಂತ ಕಿರಿಯದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಕಿರಿಯದೆಂದು ಅದನ್ನು ಕಡೆಗಣಿಸುವಂತಿಲ್ಲ. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯೊಂದನ್ನು ಬದಿಗೆ ಸರಿಸಿದ ವ್ಯಕ್ತಿಗೆ ಅಲ್ಲಾಹನ ಕ್ಷಮೆ ದೊರೆತ ವೃತ್ತಾಂತವೂ ಹದೀಸ್‌ಗಳಲ್ಲಿದೆ.

ಮುಳ್ಳಿನ ಕೊಂಬೆಯಾದರೆ ತೆಗೆದು ಬಿಸಾಡಬಹುದು. ಆದರೆ ಇಂದು ನಮ್ಮ ದಾರಿಗಳ ತೊಂದರೆ ಬೇರೆ ಬಗೆಯದು. ಒಬ್ಬನಿಗೆ ತೊಂದರೆಯಾಗಿ ಕಾಣುವುದು ಇನ್ನೊಬ್ಬನಿಗೆ ರಕ್ಷಣೆಯಾಗಿ ಕಾಣುತ್ತದೆ. ಅಲ್ಲಿಯೇ ನೆರೆಹೊರೆಯವರ ಜಗಳ ಹುಟ್ಟುವುದು.

ನಮ್ಮೂರುಗಳ ಚಿತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ - ಈ ಮೂರೂ ಕಡೆ ರಾಷ್ಟ್ರೀಯ ಹೆದ್ದಾರಿಗಳು ಪೇಟೆಯನ್ನು ಹಾಯ್ದು ಹೋಗುತ್ತವೆ. ಬಿ.ಸಿ.ರೋಡ್, ಕಲ್ಲಡ್ಕ, ಮಾಣಿಗಳ ಮೂಲಕ ಬೆಂಗಳೂರಿಗೆ ಹೋಗುವುದು ಹೆದ್ದಾರಿ 75. ಪುಂಜಾಲಕಟ್ಟೆ, ಬೆಳ್ತಂಗಡಿಗಳನ್ನು ದಾಟಿ ಚಾರ್ಮಾಡಿ ಘಾಟಿ ಹತ್ತುವುದು ಹೆದ್ದಾರಿ 73. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳಗಳ ಕಡೆಗೆ ಸಾಗುವುದು ಹೆದ್ದಾರಿ 169. ಈ ಮೂರರಲ್ಲೂ ಅಗಲೀಕರಣದ ಕೆಲಸ ನಡೆದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಲ್ಲಡ್ಕದ ವ್ಯಾಪಾರಿಗಳು ವರ್ಷಗಟ್ಟಲೆ ಬೇಸಿಗೆಯಲ್ಲಿ ಧೂಳನ್ನೂ ಮಳೆಗಾಲದಲ್ಲಿ ಕೆಸರನ್ನೂ ಸಹಿಸಿದರು. ಅಲ್ಲಿನ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆಯಿತು. ಹೆದ್ದಾರಿ 169ರ ಬದಿಯಲ್ಲಿ ಭೂಮಿ ಬಿಟ್ಟುಕೊಡಬೇಕಾದವರು ಪರಿಹಾರದ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಒಂದೇ ರಸ್ತೆ ಪ್ರಯಾಣಿಕನಿಗೆ ಅನುಕೂಲ, ಅಂಗಳ ಕಳೆದುಕೊಂಡವನಿಗೆ ನೋವು. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಹೆದ್ದಾರಿಯ ವಿಷಯ ಸರಕಾರದ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ಆದರೆ ಅದರಿಂದ ಒಳಗೆ ಕವಲೊಡೆಯುವ ಕಾಂಕ್ರೀಟು ರಸ್ತೆಗಳಲ್ಲಿ ಜಗಳ ಮನೆ ಮನೆಗಳ ನಡುವೆ ನಡೆಯುತ್ತದೆ. ಹಂಪ್ ಬೇಕೇ ಬೇಡವೇ, ಚರಂಡಿ ಯಾರ ಕಾಂಪೌಂಡಿನ ಬದಿಯಲ್ಲಿ ಹೋಗಬೇಕು, ದಾರಿಗಾಗಿ ಯಾರ ಗೋಡೆ ಒಂದಡಿ ಹಿಂದೆ ಸರಿಯಬೇಕು - ಇಷ್ಟಕ್ಕೇ ವರ್ಷಗಳ ಕಾಲ ಸಲಾಮ್ ನಿಂತುಹೋದ ಮನೆಗಳಿವೆ. ಪೆರ್ನಾಲ್‌ನ ದಿನ ಒಂದೇ ಸಫ್‌ನಲ್ಲಿ ನಿಂತು, ಗೇಟಿನ ಬಳಿ ಮುಖ ತಿರುಗಿಸಿ ಹೋಗುವವರನ್ನು ಕಾಣದ ಜಮಾಅತ್ ಯಾವುದಿದೆ?

ಹಂಪ್‌ನ ಎರಡೂ ಬದಿ

ಹಂಪ್ ಬೇಕೆನ್ನುವವರ ವಾದವನ್ನು ಮೊದಲು ಕೇಳೋಣ. ಮುಂಜಾನೆ ಮದ್ರಸಕ್ಕೆ ನಡೆದು ಹೋಗುವ ಪುಟ್ಟ ಮಕ್ಕಳು, ಶಾಲೆ ಬಿಟ್ಟು ಬರುವ ಹೆಣ್ಮಕ್ಕಳು, ಕೋಲೂರಿ ನಡೆಯುವ ವೃದ್ಧರು ಕಾಲುದಾರಿಯಿಲ್ಲದ ರಸ್ತೆಯ ಅಂಚಿನಲ್ಲೇ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಗಂಟೆಗೆ 65 ಕಿ.ಮೀ. ವೇಗದ ಕಾರು ಬಡಿದ ಪಾದಚಾರಿ ಸಾಯುವ ಅಪಾಯವು 50 ಕಿ.ಮೀ. ವೇಗದ ಕಾರು ಬಡಿದಾಗ ಇರುವುದಕ್ಕಿಂತ ನಾಲ್ಕೂವರೆ ಪಟ್ಟು ಹೆಚ್ಚು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಕಲಿಸುವ ಗ್ರಂಥವನ್ನು (ಅಲ್‌ಮಾಇದಃ: 32) ಓದುವವರು ಈ ವಾದವನ್ನು ಲಘುವಾಗಿ ಕಾಣುವಂತಿಲ್ಲ.

ಇನ್ನು ಬೇಡವೆನ್ನುವವರು. ಅವರೆಲ್ಲರೂ ವೇಗದ ಹುಚ್ಚಿನವರಲ್ಲ. ತುಂಬು ಗರ್ಭಿಣಿಯನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ಯುವವರಿಗೆ, ಬೆನ್ನು ಮೂಳೆಯ ನೋವಿನವರಿಗೆ ಪ್ರತಿ ಹಂಪ್ ಒಂದು ಏಟು. ಯಾರ ಮನೆಯೆದುರು ಹಂಪ್ ಬರುವುದೋ ಅವರು ರಾತ್ರಿಯಿಡೀ ಕೆಂಪುಕಲ್ಲು ಹೇರಿದ ಲಾರಿಗಳ ಸದ್ದು ಕೇಳಬೇಕು. ಮಳೆಗಾಲದ ಕತ್ತಲಲ್ಲಿ ಬಣ್ಣ ಬಳಿಯದ ಹಂಪ್ ಕಾಣದೆ ಬೈಕಿನಿಂದ ಬೀಳುವವರೂ ಇದ್ದಾರೆ.

ಇಲ್ಲಿ ತಜ್ಞರ ಜ್ಞಾನ ನೆರವಿಗೆ ಬರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಹಂಪ್‌ಗಳಿಗೆ ಮಾರ್ಗಸೂಚಿ ನೀಡಿತು, 2018ರಲ್ಲಿ ಅದನ್ನು ಪರಿಷ್ಕರಿಸಿತು. 1988ರ ಸೂಚಿಯ ಪ್ರಕಾರ, ಸುಮಾರು 25 ಕಿ.ಮೀ. ವೇಗಕ್ಕೆ ಇಳಿಸಬೇಕಾದ ಸಣ್ಣ ರಸ್ತೆಯಲ್ಲಿ ಹಂಪ್ 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಮಾತ್ರ ಎತ್ತರವಾಗಿ, ನುಣುಪಾದ ಬಾಗಿನಲ್ಲಿರಬೇಕು. 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ಬೇಕು, ಮೇಲೆ ಬಣ್ಣದ ಪಟ್ಟಿಗಳು ಬೇಕು. ಇಂತಹ ಹಂಪ್ ಮೇಲೆ ನಿಧಾನವಾಗಿ ಹೋಗುವವನ ಬೆನ್ನಿಗೆ ಹೆಚ್ಚು ಏಟು ಬೀಳದು. ರಾತ್ರೋರಾತ್ರಿ ಜಲ್ಲಿ, ಸಿಮೆಂಟು ಸುರಿದು ಊರವರೇ ಕಟ್ಟುವ ಗೋಡೆಯಂತಹ ದಿಣ್ಣೆಗೂ ಇದಕ್ಕೂ ಅಜಗಜಾಂತರ. ಹೀಗೆ, ಬಹಳಷ್ಟು ಜಗಳ ಹಂಪ್‌ನದ್ದಾಗಿರದೆ ಕೆಟ್ಟ ಹಂಪ್‌ನದ್ದಾಗಿರುತ್ತದೆ.

ಹಾನಿ ಅನುಭವಿಸಬಾರದು, ಹಾನಿ ಮಾಡಲೂ ಬಾರದು ಎಂಬುದು ಪ್ರವಾದಿ(ಸ)ರ ಪ್ರಸಿದ್ಧ ಬೋಧನೆ (ಇಬ್ನು ಮಾಜಃ). ಇದರ ಆಧಾರದಲ್ಲಿ ಫುಕಹಾಗಳು, ಸಾರ್ವಜನಿಕರ ಹಾನಿಯನ್ನು ತಡೆಯಲು ವ್ಯಕ್ತಿಯ ಸಣ್ಣ ಹಾನಿಯನ್ನು ಸಹಿಸಬೇಕೆಂಬ ಸೂತ್ರವನ್ನು ರೂಪಿಸಿದರು. ಆದರೆ ಆ ಸಣ್ಣ ಹಾನಿಯನ್ನು ಸಾಧ್ಯವಾದಷ್ಟು ತಗ್ಗಿಸುವ ಹೊಣೆ ಸಾರ್ವಜನಿಕರ ಮೇಲಿದೆ. ಹಂಪನ್ನು ರೋಗಿಯಿರುವ ಮನೆಯ ಎದುರಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ ಸರಿಸಲು ಆಗದೇ?

ಏಳು ಮೊಳದ ದಾರಿ

ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಅದರ ಅಗಲವನ್ನು ಏಳು ಮೊಳವಾಗಿ ಇಡಬೇಕೆಂದು ಪ್ರವಾದಿವರ್ಯರು(ಸ) ತೀರ್ಪು ನೀಡಿದರು. ಹ. ಅಬೂಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಂದರೆ ಸುಮಾರು ಹತ್ತೂವರೆ ಅಡಿ. ಹೊರೆ ಹೊತ್ತ ಒಂಟೆಗಳು ಸಾಗಲು ಅಷ್ಟು ಬೇಕಿತ್ತು. ಅಂದಿನ ಅಗತ್ಯ ಒಂಟೆಯದ್ದು, ಇಂದಿನ ಅಗತ್ಯ ಆಂಬುಲೆನ್ಸಿನದ್ದು. ದಾರಿ ಎಲ್ಲರಿಗೂ ಸಾಕಾಗುವಷ್ಟಿರಬೇಕು ಎಂಬ ತತ್ವ ಮಾತ್ರ ಬದಲಾಗದು. ಹೀಗಿರುವಾಗ ಮನೆಯ ಮೆಟ್ಟಿಲನ್ನು ರಸ್ತೆಗೆ ಚಾಚುವುದು, ಚರಂಡಿಯನ್ನು ಮುಚ್ಚಿ ಅಂಗಳ ಮಾಡುವುದು ಸಾಮಾನ್ಯ ತಪ್ಪಲ್ಲ. ಅನ್ಯಾಯವಾಗಿ ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಅದು ಏಳು ಭೂಮಿಗಳ ಆಳದವರೆಗೂ ಹಾರವಾಗುವುದು ಎಂಬ ಎಚ್ಚರಿಕೆಯನ್ನು ಹ. ಸಈದ್ ಬಿನ್ ಝೈದ್(ರ) ವರದಿ ಮಾಡಿದ್ದಾರೆ.

ಚರಂಡಿಯ ಜಗಳಕ್ಕೆ ಸಹಾಬಿಗಳ ಕಾಲದಲ್ಲೇ ಒಂದು ನಿದರ್ಶನವಿದೆ. ಹ. ದಹ್ಹಾಕ್ ಬಿನ್ ಖಲೀಫಾ(ರ) ತಮ್ಮ ಜಮೀನಿಗೆ ನೀರಿನ ಕಾಲುವೆ ತರಲು ಬಯಸಿದರು. ಅದು ಹ. ಮುಹಮ್ಮದ್ ಬಿನ್ ಮಸ್ಲಮಾ(ರ)ರ ಜಮೀನನ್ನು ಹಾದು ಬರಬೇಕಿತ್ತು. ನೀರು ಅವರಿಗೂ ದೊರೆಯುತ್ತದೆ, ಹಾನಿಯೇನೂ ಇಲ್ಲವೆಂದು ಹೇಳಿದರೂ ಅವರು ಒಪ್ಪಲಿಲ್ಲ. ವಿಷಯ ಖಲೀಫಾ ಹ. ಉಮರ್(ರ)ರ ಮುಂದೆ ಬಂತು. ನಿಮಗೂ ಲಾಭ, ನಿಮ್ಮ ಸಹೋದರನಿಗೂ ಲಾಭವಾಗುವುದನ್ನು ಏಕೆ ತಡೆಯುತ್ತೀರಿ ಎಂದು ಅವರು ಕೇಳಿದರು, ಕೊನೆಗೆ ಕಾಲುವೆಗೆ ದಾರಿ ಬಿಡಿಸಿದರು (ಮುವತ್ತಾ). ಮಾಲೀಕನನ್ನು ಹೀಗೆ ಬಲವಂತಪಡಿಸಬಹುದೇ ಎಂಬ ಬಗ್ಗೆ ಫುಕಹಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತನಗೆ ಹಾನಿಯಿಲ್ಲದ, ನೆರೆಯವನಿಗೆ ಉಪಕಾರವಾಗುವ ಕೆಲಸವನ್ನು ಕೇವಲ ಹಠಕ್ಕಾಗಿ ತಡೆಯುವುದು ಸಚ್ಚಾರಿತ್ರ್ಯವಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತೀರ್ಮಾನಿಸುವ ಕ್ರಮ

ಪರಸ್ಪರ ಸಮಾಲೋಚನೆಯಿಂದ ತಮ್ಮ ವ್ಯವಹಾರಗಳನ್ನು ನಡೆಸುವವರು ಎಂದು ಸತ್ಯವಿಶ್ವಾಸಿಗಳನ್ನು ಕುರ್‌ಆನ್ ಬಣ್ಣಿಸಿದೆ (ಅಶ್ಶೂರಾ: 38). ಇದನ್ನು ನಮ್ಮ ಓಣಿಯಲ್ಲಿ ಹೀಗೆ ಜಾರಿಗೆ ತರಬಹುದು:

1. ಅರ್ಜಿ ಬರೆಯುವ ಮೊದಲು ಹೆಚ್ಚು ತೊಂದರೆಗೊಳಗಾಗುವ ಮನೆಗೆ ಹೋಗಿ ಅವರ ಮಾತು ಕೇಳಬೇಕು. ಮನೆಯ ಸ್ತ್ರೀಯರ ಅಭಿಪ್ರಾಯವನ್ನೂ ಕೇಳಬೇಕು, ಮಕ್ಕಳನ್ನು ರಸ್ತೆ ದಾಟಿಸುವವರು ಹೆಚ್ಚಾಗಿ ಅವರೇ.

2. ಹಿಂದೂ, ಕ್ರೈಸ್ತ, ಜೈನ ನೆರೆಯವರನ್ನು ಸೇರಿಸದೆ ಯಾವ ತೀರ್ಮಾನವೂ ಬೇಡ. ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವನಿಗೆ ಮಾಂಸ ಕೊಟ್ಟಿರಾ ಎಂದು ಅವರು ಮೊದಲು ವಿಚಾರಿಸಿದರು. ಮಾಂಸದಲ್ಲಿ ಪಾಲಿರುವ ನೆರೆಯವನಿಗೆ ರಸ್ತೆಯ ಮಾತಿನಲ್ಲಿ ಪಾಲಿಲ್ಲವೇ?

3. ಬೇಡಿಕೆಯನ್ನು ಗ್ರಾಮಸಭೆಯಲ್ಲಿ, ಪುರಸಭೆ ಅಥವಾ ಪಟ್ಟಣ ಪಂಚಾಯತಿನಲ್ಲಿ ಲಿಖಿತವಾಗಿ ಮಂಡಿಸಬೇಕು. ತಾವೇ ಹಂಪ್ ಕಟ್ಟುವುದಾಗಲಿ, ಕಟ್ಟಿದ್ದನ್ನು ಒಡೆಯುವುದಾಗಲಿ ಕೂಡದು.

4. ತೀರ್ಮಾನ ತನಗೆ ವಿರುದ್ಧವಾದರೂ ಒಪ್ಪಬೇಕು. ಗೆದ್ದವನು ಸೋತವನ ಮನೆಗೆ ಮೊದಲು ಹೋಗಬೇಕು.

ನಮ್ಮ ಮನೆಯಿಂದಲೇ

ರಸ್ತೆಯಲ್ಲಿ ಕುಳಿತುಕೊಳ್ಳಬೇಡಿರಿ, ಕುಳಿತರೆ ಅದರ ಹಕ್ಕನ್ನು ಸಲ್ಲಿಸಿರಿ ಎಂದು ಪ್ರವಾದಿವರ್ಯರು(ಸ) ಅನುಚರರಿಗೆ ಹೇಳಿದಾಗ ಆ ಹಕ್ಕುಗಳಲ್ಲಿ ಒಂದು, ಯಾರಿಗೂ ತೊಂದರೆ ಕೊಡದಿರುವುದಾಗಿತ್ತು. ಜುಮುಅದ ದಿನ ಬೈಕು, ಕಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ದಾರಿ ಮುಚ್ಚುವವನು ಖುತ್ಬಾ ಕೇಳುತ್ತಿರುವಾಗಲೇ ಈ ಹಕ್ಕನ್ನು ಮುರಿಯುತ್ತಿರುತ್ತಾನೆ. ಹದಿನೈದು ವರ್ಷದ ಮಗನ ಕೈಗೆ ಬೈಕಿನ ಕೀ ಕೊಟ್ಟು, ಓಣಿಗೆ ಹಂಪ್ ಬೇಕೆಂದು ಅರ್ಜಿ ಹಾಕುವ ತಂದೆಯೂ ಯೋಚಿಸಲಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ಬಾಲಕ ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಲು ಮೋಟಾರು ವಾಹನ ಕಾನೂನಿನಲ್ಲಿ ಅವಕಾಶವಿದೆ. ಕಾನೂನಿನ ಭಯಕ್ಕಿಂತ ದೊಡ್ಡ ಭಯ ನಮಗಿರಬೇಕು. ಪರಮ ದಯಾಮಯನ ದಾಸರು ಭೂಮಿಯ ಮೇಲೆ ವಿನಯದಿಂದ ನಡೆಯುವವರೆಂದು ಕುರ್‌ಆನ್ ಹೇಳುತ್ತದೆ (ಅಲ್‌ಫುರ್ಕಾನ್: 63). ಚಕ್ರದ ಮೇಲೆ ಸಾಗುವವನಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲರೂ ವಿನಯದಿಂದ ಸಾಗುವ ಓಣಿಗೆ ಹಂಪ್‌ನ ಅಗತ್ಯವೇ ಕಡಿಮೆ.

ಪ್ರತಿ ಸೋಮವಾರ ಮತ್ತು ಗುರುವಾರ ದಾಸರಿಗೆ ಕ್ಷಮೆ ದೊರೆಯುತ್ತದೆ, ಆದರೆ ಪರಸ್ಪರ ಹಗೆ ಸಾಧಿಸುವ ಇಬ್ಬರ ವಿಷಯ ಅವರು ರಾಜಿಯಾಗುವ ತನಕ ಬಾಕಿ ಉಳಿಯುತ್ತದೆ ಎಂದು ಹದೀಸ್ ತಿಳಿಸುತ್ತದೆ (ಮುಸ್ಲಿಮ್). ಒಂದಡಿ ಗೋಡೆಗಾಗಿ, ಹತ್ತು ಸೆಂಟಿಮೀಟರ್ ಹಂಪ್‌ಗಾಗಿ ಆ ಕ್ಷಮೆಯನ್ನು ತಡೆಹಿಡಿಸಿಕೊಳ್ಳುವುದು ಎಂತಹ ನಷ್ಟದ ವ್ಯಾಪಾರ! ಈ ಲೇಖನ ಓದಿದವರ ಪೈಕಿ ಯಾರಾದರೂ ಗೇಟಿನಾಚೆಯ ನೆರೆಯವನೊಂದಿಗೆ ಮಾತು ಬಿಟ್ಟಿದ್ದರೆ ಇಂದೇ ಹೋಗಿ ಮೊದಲ ಸಲಾಮ್ ಹೇಳಲಿ. ದಾರಿಯ ಮುಳ್ಳನ್ನೂ ಮನಸ್ಸಿನ ಮುಳ್ಳನ್ನೂ ಸರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.