ಗೋಬರ ಗ್ಯಾಸಿನ ಗುಂಡಿಯಲ್ಲಿ ಅನಿಲವು ನಿಂತುಹೋಗುವುದೇಕೆ?

ಹತ್ತರಗಿಯ ಸುತ್ತಣ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಕಬ್ಬೂ ದನಕರುಗಳೂ ಒಕ್ಕಲುತನದ ಮುಖ್ಯ ಆಧಾರಗಳಾಗಿರುವವು. ಸಗಣಿಯು ಮನೆಯ ಗ್ಯಾಸಿನ ಗುಂಡಿಯನ್ನು ಸೇರುವುದು. ಕಾಕಂಬಿಯಿಂದ ಮದ್ಯಸಾರವನ್ನಿಳಿಸಿದ ಬಳಿಕ ಉಳಿಯುವ ಕಂದು ನೀರು ಕಾರಖಾನೆಯ ದೊಡ್ಡ ತೊಟ್ಟಿಯನ್ನು ಸೇರುವುದು. ಒಂದು ಲೀಟರು ಮದ್ಯಸಾರಕ್ಕೆ ಇಂಥ ನೀರು ೧೦ರಿಂದ ೧೫ ಲೀಟರಿನಷ್ಟು ಹುಟ್ಟುವುದುಂಟು. ಗಾತ್ರದಲ್ಲಿ ಭೇದವಿದ್ದರೂ ಎರಡರೊಳಗೂ ನಡೆಯತಕ್ಕ ಕಾರ್ಯವು ಒಂದೇ.

ಗಾಳಿಯಾಡದ ಗುಂಡಿಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಯಿಸಿ ಹುಳಿಯನ್ನಾಗಿ ಮಾಡುವವು; ಮತ್ತೊಂದು ಬಗೆಯವು ಆ ಹುಳಿಯಿಂದ ಮೀಥೇನೆಂಬ ಉರಿಯುವ ಅನಿಲವನ್ನು ಹುಟ್ಟಿಸುವವು. ಇಟಲಿಯ ವೋಲ್ಟಾ ಎಂಬ ಪಂಡಿತನು ೧೭೭೬ರಲ್ಲಿ ಕೆರೆಯ ಕೆಸರನ್ನು ಕಲಕಿ ಸಂಗ್ರಹಿಸಿದ್ದು ಇದೇ ಅನಿಲವು. ಮೊದಲಿನ ಜೀವಿಗಳು ಗಟ್ಟಿಯಾದವು, ಬೇಗನೆ ಬೆಳೆಯುವವು. ಎರಡನೆಯವು ನಿಧಾನವಾಗಿ ಬೆಳೆಯುವ ಬಹು ಸುಕುಮಾರವಾದ ಜೀವಿಗಳು. ವಿಷವು ತಾಕಿದಾಗ ಸಾಮಾನ್ಯವಾಗಿ ಮೊದಲು ಸೊರಗುವವು ಇವೇ. ಆಗ ಹುಳಿಯನ್ನು ತಿನ್ನುವವರಿಲ್ಲದೆ ಅದು ಶೇಖರವಾಗಿ, ಉಳಿದ ಜೀವಿಗಳನ್ನೂ ಕುಗ್ಗಿಸುವುದು. ಒಲೆಯ ಉರಿ ಮಂದವಾಗುವುದು, ರಾಡಿಯು ಹುಳಿನಾರುವುದು. ಇವೇ ಮೊದಲ ಲಕ್ಷಣಗಳು.

ವಿಷವು ಬರುವುದೆಲ್ಲಿಂದ? ಅನೇಕ ಸಲ ನಮ್ಮ ಕೈಯಿಂದಲೇ. ಕೊಟ್ಟಿಗೆಗೆ ಹಾಕಿದ ಫಿನಾಯಿಲು, ಬಟ್ಟೆಯೊಗೆದ ಸಾಬೂನಿನ ನೀರು, ದನದ ಗೊರಸು ತೊಳೆದ ಮೈಲುತುತ್ತದ ನೀರು, ಕೆಚ್ಚಲುಬಾವಿಗೆ ಪ್ರತಿಜೈವಿಕ ಔಷಧ ಪಡೆದ ಆಕಳ ಸಗಣಿ, ಇವೆಲ್ಲವೂ ಗುಂಡಿಗೆ ಹಿತವಲ್ಲ. ಕೋಳಿಯ ಹಿಕ್ಕೆಯನ್ನು ಅತಿಯಾಗಿ ಸುರಿದರೆ ಅದರೊಳಗಿನ ಅಮೋನಿಯವೂ ಬಾಧಿಸುವುದು.

ಕಂದು ನೀರಿನ ಪೀಡೆ ಬೇರೆ. ಅದರಲ್ಲಿ ಗಂಧಕಾಮ್ಲದ ಲವಣಗಳು ಹೇರಳವಾಗಿರುವವು. ಅವನ್ನು ಬಳಸಿ ಬದುಕುವ ಮತ್ತೊಂದು ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ಜೀವಿಗಳ ಆಹಾರವನ್ನು ಕಸಿದುಕೊಳ್ಳುವುದಲ್ಲದೆ, ಕೊಳೆತ ತತ್ತಿಯ ವಾಸನೆಯ ವಿಷವಾಯುವನ್ನೂ ಬಿಡುವವು. ಕಬ್ಬಿಣದ ಲವಣವನ್ನು ಬೆರೆಸಿದರೆ ಈ ಗಂಧಕವು ಕಪ್ಪು ಕೆಸರಾಗಿ ತಳಕ್ಕಿಳಿಯುವುದು.

ಪರಿಹಾರವು ಸುಲಭವಾದರೂ ತಾಳ್ಮೆ ಬೇಕು. ಸಗಣಿ ಹಾಕುವುದನ್ನು ಕೆಲ ದಿನ ನಿಲ್ಲಿಸತಕ್ಕದ್ದು. ರಾಡಿಯು ಹುಳಿಯಾಗಿದ್ದರೆ ತಿಳಿಸುಣ್ಣದ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯಬೇಕು. ಒಮ್ಮೆಲೇ ಸುರಿಯುವುದು ಕೂಡದು. ಬಳಿಕ ಚೆನ್ನಾಗಿ ನಡೆಯುವ ನೆರೆಯವರ ಗುಂಡಿಯ ರಾಡಿಯನ್ನು ತಂದು ಬೆರೆಸಿ, ಸಗಣಿಯನ್ನು ಅಲ್ಪಪ್ರಮಾಣದಿಂದ ಆರಂಭಿಸಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ ಇದು.

ಆದರೆ ಅನಿಲವು ನಿಂತಿತೆಂದು ಗುಂಡಿಯೊಳಗೆ ಇಳಿದು ನೋಡಲಾಗದು. ಮೇಲೆ ಹೇಳಿದ ವಿಷವಾಯುವು ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಗ್ರಹಿಸಲಾರದು. ಇಳಿದವನು ಕ್ಷಣದಲ್ಲಿ ಮೂರ್ಛೆಹೋಗುವನು. ಆಳನ್ನು ಇಳಿಸುವ ಜಮೀನುದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬಿದ್ದವನನ್ನೆತ್ತಲು ಮತ್ತೊಬ್ಬನನ್ನು ಇಳಿಸದೆ, ಬೆಂಕಿಯನ್ನೂ ಬೀಡಿಯನ್ನೂ ದೂರವಿಟ್ಟು, ೧೧೨ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕೂಡಲೇ ಕರೆಯಿಸಬೇಕು.